ಹನ್ನೆರಡರವರೆಗಿನ ಪಾಳಿ

ತುಕ್ಕಾನಟ್ಟಿ
ಸೋಮವಾರ, 5 ಜೂನ್ 2023

ತಂಗಿ ಮಾಯಾಗೆ ಆಶೀರ್ವಾದಗಳು.

ಶವಪರೀಕ್ಷೆಯ ವರದಿ ಬಂದಿದೆ. ನೀರಿನಲ್ಲಿ ಮುಳುಗಿ ಉಸಿರುಗಟ್ಟಿ ಸಾವು, ಮೈಮೇಲೆ ಬೇರೆ ಗಾಯವಿಲ್ಲ ಎಂದಿದೆ. ಸಮುದ್ರ ದಂಡೆಯ ಊರಿನ ಠಾಣೆಯ ಎಎಸ್‌ಐ ಇಂದು ಬೆಳಿಗ್ಗೆ ಫೋನ್ ಮಾಡಿ ತಿಳಿಸಿದರು. ಆಗ ನಾನು ಮೂಡಲಗಿ ಬಸ್ ನಿಲ್ದಾಣದಲ್ಲಿ ಪೇಪರ್ ಬಂಡಲ್ ಬಿಚ್ಚುತ್ತಿದ್ದೆ.

ನಿನ್ನ ಫೋನು ನಿನ್ನ ಭಾವ ಸತ್ತೆಪ್ಪನವರ ಕೈಯಲ್ಲಿರುತ್ತದೆ, ಹೇಳುವುದಿದ್ದರೆ ಕಾಗದ ಬರಿ ಎಂದು ಹನ್ನೊಂದನೆಯ ದಿನ ನೀನೇ ಹೇಳಿದ್ದೆ. ಅದಕ್ಕೆ ಅಂಗನವಾಡಿಯ ವಿಳಾಸಕ್ಕೆ ಹಾಕುತ್ತಿದ್ದೇನೆ.

ಅಂದು ಠಾಣೆಯಲ್ಲಿ ನಾನು ಕೊಟ್ಟ ಹೇಳಿಕೆಯ ನಕಲು ಸಿಕ್ಕಿದೆ. ನೀನು ಓದಿರಲಿ ಎಂದು ಇಲ್ಲಿ ಬರೆಯುತ್ತೇನೆ.

‘ನಾನು ಶಿವಾನಂದ, ತಂದೆ ಶೆಟ್ಟೆಪ್ಪ, ವಯಸ್ಸು 44, ಒಕ್ಕಲುತನ ಮತ್ತು ಪತ್ರಿಕಾ ಏಜೆಂಟ್, ತುಕ್ಕಾನಟ್ಟಿ. ಮೃತ ರಾಜಪ್ಪ, ವಯಸ್ಸು 41, ಹುಕ್ಕೇರಿಯಲ್ಲಿ ಪಂಪಿನ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದು, ನನ್ನ ತಂಗಿ ಮಾಯಾಳ ಗಂಡ. ದಿನಾಂಕ 21-5-2023ರ ರವಿವಾರ ನಾನು, ನನ್ನ ಹೆಂಡತಿ ವಿದ್ಯಾ, ನಮ್ಮ ಇಬ್ಬರು ಮಕ್ಕಳು ಹಾಗೂ ರಾಜಪ್ಪ, ಮಾಯಾ, ಅವರ ಮಗಳು ಹೀಗೆ ಏಳು ಮಂದಿ ದಂಡೆಯಲ್ಲಿದ್ದೆವು. ದಂಡೆಯ ಸಾಮಾನುಗಳನ್ನು ಎರಡೂ ಮನೆಯವರು ಅರ್ಧರ್ಧ ಖರ್ಚು ಹಾಕಿ ಗೋಕಾಕದಲ್ಲಿ ಕೊಂಡಿದ್ದೆವು. ಬೆಳಿಗ್ಗೆ 11.20ರ ಸುಮಾರಿಗೆ ಗಾಳಿ ಟ್ಯೂಬ್ ತೆರೆಗೆ ಸಿಕ್ಕು ಒಳಗೆ ಹೋಯಿತು. ಅದನ್ನು ತರಲು ರಾಜಪ್ಪನವರು ಯಾರಿಗೂ ಹೇಳದೆ, ಏನನ್ನೂ ಕೇಳದೆ ನೀರಿಗೆ ಇಳಿದರು. ಅವರಿಗೆ ಬಾವಿಯಲ್ಲಿ ಈಜಿ ಚೆನ್ನಾಗಿ ರೂಢಿ ಇತ್ತು. ಸಂಜೆ 4.10ಕ್ಕೆ ಮೀನುಗಾರರು ಶವ ತಂದರು. ಯಾರ ಮೇಲೂ ಸಂಶಯವಿಲ್ಲ.’

ಅಸಹಜ ಸಾವಿನ ಪ್ರಕರಣ ಮುಗಿಯಲು ನಿನ್ನ ಹೇಳಿಕೆಯೊಂದೇ ಬಾಕಿ. ಅಂದು ನೀನು ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ. ಪ್ರಕರಣ ಮುಗಿದ ಪತ್ರ ಸಿಕ್ಕರೆ ಮಾತ್ರ ಸೊಸೈಟಿಯಲ್ಲಿ ರಾಜಪ್ಪನವರು ಮಾಡಿಸಿದ್ದ ಅಪಘಾತ ವಿಮೆಯ ಹತ್ತು ಲಕ್ಷ ಬರುತ್ತದೆ. ಇಬ್ಬರ ಹೇಳಿಕೆಯೂ ಒಂದೇ ತೆರನಾಗಿದ್ದರೆ ಯಾರೂ ತಕರಾರು ತೆಗೆಯುವುದಿಲ್ಲ. ನಿನಗೆ ನಾನು ಹೇಳಿಕೊಡುವುದು ಏನೂ ಇಲ್ಲ. ಅಂಗನವಾಡಿಯ ರಿಜಿಸ್ಟರು ಬರೆಯುವವಳು ನೀನು.

ಪೊಲೀಸರು ಸಾಮಾನು ಹಿಂದಿರುಗಿಸಿದ್ದಾರೆ. ದೊಡ್ಡ ಛತ್ರಿ ಒಂದು, ಚಾಪೆ ಒಂದು, ಐಸ್ ಡಬ್ಬಿ ಒಂದು, ಲೈಫ್ ಜಾಕೆಟ್ ನಾಲ್ಕು. ಟ್ಯೂಬ್ ಸಿಗಲಿಲ್ಲ. ಎಲ್ಲವೂ ನಮ್ಮ ಅಟ್ಟದ ಮೇಲಿವೆ. ಐಸ್ ಡಬ್ಬಿಯನ್ನು ತೊಳೆದು ಇಟ್ಟಿದ್ದೇನೆ.

ಅವ್ವ ನಿನ್ನನ್ನು ನೆನೆಸುತ್ತಾಳೆ. ಮಳೆ ಇನ್ನೂ ಬಂದಿಲ್ಲ.

ನಿನ್ನ ಅಣ್ಣ
ಶಿವಾನಂದ

•

ಹುಕ್ಕೇರಿ
ಬುಧವಾರ, 14 ಜೂನ್ 2023

ಅಣ್ಣನಿಗೆ ನಮಸ್ಕಾರ.

ಕಾಗದ ಮುಟ್ಟಿತು. ಸಹಾಯಕಿ ಪದ್ಮವ್ವ ಅದನ್ನು ಪುಷ್ಟಿ ಹಿಟ್ಟಿನ ಚೀಲದ ಕೆಳಗೆ ಎತ್ತಿಟ್ಟು, ಮಕ್ಕಳು ಮಲಗಿದ ಮೇಲೆ ಕೊಟ್ಟಳು. ಅವಳೂ ಗಂಡನನ್ನು ಕಳೆದುಕೊಂಡವಳು.

ಹೆಸರಿನ ಮುಂದೆ ‘ಚಿ. ಸೌ.’ ಇರಲಿಲ್ಲ. ಪ್ರತಿ ವರ್ಷ ಪಂಚಮಿಗೆ ಕರೆಯುವಾಗ ಹದಿಮೂರು ಸಲ ತಪ್ಪದೆ ಬರೆದವನು ನೀನು. ಎರಡು ವಾರಕ್ಕೆ ಬಿಟ್ಟೆ. ತಪ್ಪೆಂದು ಹೇಳುತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುವುದು ನಿನಗೆ ಮೊದಲಿನಿಂದ ರೂಢಿ.

ಮಗಳ ಶಾಲೆ ಶುರುವಾಗಿದೆ. ವೈಂಡಿಂಗ್ ಅಂಗಡಿಗೆ ಬೀಗ ಹಾಕಿದ್ದಾರೆ. ಒಳಗೆ ರೈತರ ಮೋಟಾರು ಹನ್ನೊಂದು ಉಳಿದಿವೆ. ದಿನಾ ಒಬ್ಬರಾದರೂ ಬಂದು ಬಾಗಿಲಲ್ಲಿ ನಿಂತು, ನನ್ನ ಮುಖ ನೋಡಿ, ಮೋಟಾರಿನ ಸುದ್ದಿ ಎತ್ತದೆ ಹೋಗುತ್ತಾರೆ.

ನಿಮ್ಮ ಊರಿನ ಪೇಪರ್ ವ್ಯಾನಿನಲ್ಲಿ ಬರುವ ನಮ್ಮ ಏಜೆಂಟ್ ಗುರುರಾಜನ ಕೈಯಲ್ಲಿ ನಾಲ್ಕು ಸಾವಿರದ ಐದುನೂರ ಐವತ್ತು ರೂಪಾಯಿ ಕಳಿಸಿದ್ದೇನೆ. ಸಾಮಾನಿನಲ್ಲಿ ನಮ್ಮ ಅರ್ಧ. ದಂಡೆಗೆ ಹೊರಡುವ ಮುನ್ನ ಇವರು ಅದನ್ನು ಪಾಕೀಟಿನಲ್ಲಿ ಹಾಕಿ, ಮೇಲೆ ನಿನ್ನ ಹೆಸರು ಬರೆದು, ಕಪಾಟಿನಲ್ಲಿ ಇಟ್ಟಿದ್ದರು. ಬಂದ ಮೇಲೆ ಕೊಡುವವರಿದ್ದರು.

ನಾಲ್ಕು ಜಾಕೆಟಿನಲ್ಲಿ ಎರಡು ನಮ್ಮವು. ಅವನ್ನು ಕಳಿಸು.

ನನ್ನ ಹೇಳಿಕೆಗೆ ಇನ್ನೂ ದಿನ ಗೊತ್ತಾಗಿಲ್ಲ.

ಮಾಯಾ

•

ತುಕ್ಕಾನಟ್ಟಿ
ಸೋಮವಾರ, 19 ಜೂನ್ 2023

ತಂಗಿ ಮಾಯಾಗೆ,

ನಿನ್ನ ಹಣವನ್ನು ಹಿಂದಿರುಗಿಸಿದ್ದೇನೆ. ಅದೇ ಪಾಕೀಟು, ಅದೇ ಗುರುರಾಜನ ಕೈಯಲ್ಲಿ. ಎಣಿಸಿಲ್ಲ.

ಅದನ್ನು ನೋಡಿ ವಿದ್ಯಾ ಒಲೆಯ ಮುಂದೆ ಕುಳಿತು ಅತ್ತಳು. ‘ದುಡ್ಡ ಕಳಿಸಿ ನಂಟ ಹರಕೊಂಡ್ರ ನಾವೇನ್ ಮಾಡೂಣು’ ಎಂದಳು. ನನಗೂ ಹಾಗೆಯೇ ಅನ್ನಿಸಿತು. ಹತ್ತೊಂಬತ್ತು ವರ್ಷ ಒಂದೇ ತಾಟಿನಲ್ಲಿ ಉಂಡು ಬೆಳೆದವರು ನಾವು. ನೀನು ಲೆಕ್ಕ ತೀರಿಸಿ ಪಾಲು ಕೇಳುತ್ತೀಯ ಎಂದರೆ ನಾನು ಏನು ತಿಳಿಯಬೇಕು?

ಜಾಕೆಟ್ ಈಗ ಕಳಿಸುವುದಿಲ್ಲ. ಆ ಕಿತ್ತಳೆ ಬಣ್ಣ ಮಗಳ ಕಣ್ಣಿಗೆ ಬೀಳುವುದು ಬೇಡ.

ನೀನು ನನ್ನ ಮೇಲೆ ಸಿಟ್ಟಾಗಿದ್ದರೆ ಕೆಲವು ಸಂಗತಿ ನೆನಪಿರಲಿ. ದಂಡೆಗೆ ಹೋಗೋಣ ಎಂದವರು ರಾಜಪ್ಪನವರು. ಚುನಾವಣೆಯ ಫಲಿತಾಂಶದ ಪೇಪರ್ ಹಂಚಿ ಮುಗಿಯಲಿ, ಆಮೇಲೆ ಬರುತ್ತೇನೆ ಎಂದವನು ನಾನು. ಏಳು ಮಂದಿಗೆ ಏಳು ಜಾಕೆಟ್ ತೆಗೆದುಕೊಂಡರೆ ಎಂಟು ಸಾವಿರವಾಗುತ್ತದೆ, ನಾಲ್ಕು ಸಾಕು ಎಂದು ನಾನು ಅಂಗಡಿಯಲ್ಲಿ ಹೇಳಿದ್ದು ಖರೆ. ಆಗ ಎಲ್ಲರೂ ಒಪ್ಪಿದ್ದರು. ಒಂದು ಮನೆಯವರು ನೀರಿಗಿಳಿದಾಗ ಇನ್ನೊಂದು ಮನೆಯವರು ದಂಡೆಯಲ್ಲಿ ಕೂಡುವುದು ಎಂದು ಮಾತಾಗಿತ್ತು. ಬಾವಿಯ ನೀರನ್ನು ನಾವು ಮೂರು ಮನೆಯವರು ಹಂಚಿಕೊಳ್ಳುವುದು ಹಾಗೆಯೇ ಅಲ್ಲವೇ? ಒಂದು ಮೋಟಾರು, ಮೂರು ಪಾಳಿ. ಅಪ್ಪನ ಕಾಲದಿಂದ ಅದರಿಂದ ಯಾರಿಗೂ ಕೇಡಾಗಿಲ್ಲ.

ಸಾವಿನ ಮರುದಿನ ಬೆಳಿಗ್ಗೆ ನಾವು ಹೆಣದೊಡನೆ ಹುಕ್ಕೇರಿಗೆ ಬಂದದ್ದು, ಮಣ್ಣು ಮಾಡಿದ್ದು ನಿನಗೆ ನೆನಪಿರಲಿಕ್ಕಿಲ್ಲ. ಅದಾದ ಮೇಲೆ ಊರಿಗೆ ಬಂದು ಅಪ್ಪನ ಮುಂದೆ ಎಲ್ಲ ಹೇಳಿದೆ. ಮಂಡಿನೋವಿಗೆ ಅಪ್ಪ ಅಲ್ಲಿಗೆ ಬಂದಿರಲಿಲ್ಲ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದ. ‘ಆಗ ಯಾರ ಪಾಳಿ ಇತ್ತು?’ ಎಂದ. ಅಪ್ಪನಿಗೆ ಎಪ್ಪತ್ತಾರು, ಎಲ್ಲವನ್ನೂ ಬಾವಿಯ ಲೆಕ್ಕದಲ್ಲೇ ನೋಡುತ್ತಾನೆ.

ಮಳೆ ಇಲ್ಲ. ಬಾವಿಯಲ್ಲಿ ಒಂಬತ್ತು ಅಡಿ ಉಳಿದಿದೆ. ಪಾಳಿಯನ್ನು ಆರು ತಾಸಿನಿಂದ ನಾಲ್ಕಕ್ಕೆ ಇಳಿಸಿದ್ದೇವೆ. ಗೋವಿನಜೋಳ ಬಾಡುತ್ತಿದೆ.

ಹೇಳಿಕೆಯ ದಿನ ಗೊತ್ತಾದ ಕೂಡಲೇ ತಿಳಿಸು.

ಶಿವಾನಂದ

•

ಹುಕ್ಕೇರಿ
ಶನಿವಾರ, 1 ಜುಲೈ 2023

ಅಣ್ಣಾ,

ನಂಟು ಹರಿದುಕೊಳ್ಳಲು ದುಡ್ಡು ಕಳಿಸಲಿಲ್ಲ. ಇವರು ಎತ್ತಿಟ್ಟದ್ದನ್ನು ಕಳಿಸಿದೆ. ವಿದ್ಯಾ ವೈನಿಗೆ ಹೇಳು. ಪಾಕೀಟನ್ನು ಮತ್ತೆ ಅದೇ ಕಪಾಟಿನಲ್ಲಿ ಇಟ್ಟಿದ್ದೇನೆ, ಅದು ಅಲ್ಲಿಯೇ ಇರಲಿ.

ಜಾಕೆಟ್ ಯಾಕೆ ಕೇಳಿದೆ ಎಂದು ಈಗ ಬರೆಯುತ್ತೇನೆ. ಮೊದಲ ಕಾಗದದಲ್ಲಿ ಬರೆಯಲು ಕೈ ಬರಲಿಲ್ಲ.

ಹೆಣ ತಂದ ದಿನ ಅಂಗಳದಲ್ಲಿ ಅಷ್ಟು ಜನರ ಮುಂದೆ ಸತ್ತೆಪ್ಪ ಭಾವ ನನ್ನನ್ನು ಕೇಳಿದರು. ‘ಜಾಕೀಟ ತಗೊಂಡೀವಿ ಅಂತ ಫೋಟೋ ಕಳಿಸಿದ್ರಲಾ. ಅಂವಾ ಹಾಕ್ಕೊಂಡಿದ್ದಿಲ್ಲೇನ?’ ನೀನು ಆಗ ವ್ಯಾನಿನ ಡ್ರೈವರನಿಗೆ ದುಡ್ಡು ಕೊಡುತ್ತಿದ್ದೆ. ನಿನ್ನ ಬೆನ್ನು ನನಗೆ ಕಾಣುತ್ತಿತ್ತು. ನಾನು ‘ಹಾಕ್ಕೊಂಡಿದ್ರು, ಪಟ್ಟಿ ಹರೀತು’ ಎಂದೆ. ಯಾಕೆ ಹಾಗೆ ಅಂದೆ ಎಂದು ನೀನು ಯಾವತ್ತೂ ಕೇಳುವುದಿಲ್ಲ ಎಂದು ನನಗೆ ಗೊತ್ತು.

ಭಾವ ಅದನ್ನು ನಂಬಿದರು. ನಂಬಿದ್ದಷ್ಟೇ ಅಲ್ಲ, ವಿಮೆಯ ಫಾರ್ಮಿನಲ್ಲಿ ಬರೆಸಿದರು. ‘ಲೈಫ್ ಜಾಕೆಟ್ ಧರಿಸಿದ್ದರೂ ಪಟ್ಟಿ ಹರಿದು’ ಎಂದು. ಕೆಳಗೆ ನನ್ನ ಸಹಿ ಇದೆ. ಹಾಕಿದ್ದು ನನಗೆ ನೆನಪಿಲ್ಲ. ಸಹಿ ಮಾತ್ರ ನನ್ನದೇ.

ಮೊನ್ನೆ ವಿಮೆಯ ಕಡೆಯಿಂದ ಒಬ್ಬರು ವಿಚಾರಣೆಗೆ ಬಂದಿದ್ದರು. ಚಹಾ ಕುಡಿದರು, ಮಗಳ ಹೆಸರು ಕೇಳಿದರು, ಫಾರ್ಮ್ ಓದಿದರು. ಹರಿದ ಪಟ್ಟಿಯ ಜಾಕೆಟ್ ಎಲ್ಲಿದೆ, ಫೋಟೋ ಬೇಕು ಎಂದರು. ಠಾಣೆಯ ಕಾಗದಕ್ಕೂ ಇದಕ್ಕೂ ತಾಳೆ ಬೀಳದಿದ್ದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆಯಂತೆ. ಭಾವ ತಾನೇ ತುಕ್ಕಾನಟ್ಟಿಗೆ ಬಂದು ಜಾಕೆಟ್ ತರುತ್ತೇನೆ ಎಂದು ಎದ್ದಿದ್ದರು. ನಾನು ತರಿಸುತ್ತೇನೆ ಎಂದು ಕೂಡಿಸಿದ್ದೇನೆ. ಇನ್ನು ಎರಡು ವಾರ ಕೂಡುತ್ತಾರೆ, ಹೆಚ್ಚಿಗೆ ಕೂಡುವುದಿಲ್ಲ.

ಅದಕ್ಕೆ ಜಾಕೆಟ್ ಕಳಿಸು.

ಇನ್ನೊಂದು. ಅಪ್ಪ ಕೇಳಿದ್ದನ್ನು ಬರೆದಿದ್ದೀಯ. ನೀನು ಕೊಟ್ಟ ಉತ್ತರವನ್ನು ಬರೆದಿಲ್ಲ. ಸುದ್ದಿಯಲ್ಲಿ ಅರ್ಧ ಬಿಡುವವನಲ್ಲ ನೀನು.

ಮಾಯಾ

•

ತುಕ್ಕಾನಟ್ಟಿ
ಗುರುವಾರ, 6 ಜುಲೈ 2023

ತಂಗಿ ಮಾಯಾಗೆ,

ಎರಡು ಜಾಕೆಟ್ ಇಂದಿನ ವ್ಯಾನಿನಲ್ಲಿ ಹೊರಟಿವೆ. ಹಳೆಯ ಪೇಪರಿನಲ್ಲಿ ಸುತ್ತಿ ಬಂಡಲಿನ ಒಳಗೆ ಇಟ್ಟಿದ್ದೇನೆ. ಗುರುರಾಜ ನೇರವಾಗಿ ಅಂಗನವಾಡಿಗೆ ತಲುಪಿಸುತ್ತಾನೆ.

ಒಂದರ ಎಡಗಡೆಯ ಪಟ್ಟಿ ಹರಿದಿದೆ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನೀನು ಬಿಡಿಸಿ ಬರೆಯದಿದ್ದರೂ ನನಗೆ ತಿಳಿಯಿತು. ಅಂಗಳದಲ್ಲಿ ನೀನು ನನ್ನ ಮಾನ ಉಳಿಸಿದೆ. ಅದನ್ನು ನಾನು ಮರೆಯುವುದಿಲ್ಲ. ಈಗ ಮಾಡಬೇಕಾದ್ದನ್ನು ನಾನು ಮಾಡಿದ್ದೇನೆ.

ನನ್ನ ಹೇಳಿಕೆಯನ್ನು ಮತ್ತೆ ಓದಿ ನೋಡಿದೆ. ಅದರಲ್ಲಿ ‘ಜಾಕೆಟ್ ಹಾಕಿರಲಿಲ್ಲ’ ಎಂದು ಎಲ್ಲಿಯೂ ಇಲ್ಲ. ‘ಏನನ್ನೂ ಕೇಳದೆ ಇಳಿದರು’ ಎಂದಷ್ಟೇ ಇದೆ. ಹಾಕಿಕೊಂಡವನೂ ಕೇಳದೆ ಇಳಿಯಬಹುದು. ಹೀಗಾಗಿ ನಿನ್ನ ಭಾವ ಬರೆಸಿದ್ದಕ್ಕೂ ನಾನು ಹೇಳಿದ್ದಕ್ಕೂ ವಿರೋಧವಿಲ್ಲ. ಪೊಲೀಸರ ಸಾಮಾನಿನ ಯಾದಿಯಲ್ಲಿ ನಾಲ್ಕು ಜಾಕೆಟ್ ಎಂದಿದೆಯೇ ಹೊರತು ಹರಿದಿದೆಯೋ ಇಲ್ಲವೋ ಎಂದಿಲ್ಲ. ಹರಿದದ್ದು ತೆರೆಯ ಜೊತೆ ದಂಡೆಗೆ ಬಂತು, ಅಣ್ಣ ಎತ್ತಿಕೊಂಡ ಎಂದು ಹೇಳು. ನಾನೂ ಹಾಗೆಯೇ ಹೇಳುತ್ತೇನೆ. ಹತ್ತು ಲಕ್ಷ ಮಗಳ ಓದಿಗೆ ಆಗುತ್ತದೆ.

ಅಪ್ಪನಿಗೆ ನಾನು ಉತ್ತರ ಕೊಡಲಿಲ್ಲ. ಆಗ ಕರೆಂಟ್ ಬಂತು, ಮೋಟಾರ್ ಹಾಕಲು ಎದ್ದು ಹೋದೆ.

ಪಂಚಮಿ ಈ ಸಲ ಆಗಸ್ಟ್ 21ಕ್ಕೆ. ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಅವ್ವ ಈಗಲೇ ಎಳ್ಳು ಆರಿಸುತ್ತಿದ್ದಾಳೆ.

ಶಿವಾನಂದ

•

ಹುಕ್ಕೇರಿ
ಸೋಮವಾರ, 17 ಜುಲೈ 2023

ಅಣ್ಣಾ,

ಜಾಕೆಟ್ ಎರಡೂ ಮುಟ್ಟಿದವು. ಕತ್ತರಿಯಿಂದ ಕತ್ತರಿಸಿದ ಪಟ್ಟಿಯ ಅಂಚು ನೇರವಾಗಿರುತ್ತದೆ. ಹರಿದ ಪಟ್ಟಿಯ ಎಳೆ ಎದ್ದಿರುತ್ತದೆ. ಮಕ್ಕಳ ಸಮವಸ್ತ್ರಕ್ಕೆ ತೇಪೆ ಹಾಕುವವಳು ನಾನು, ನೋಡಿದ ಕೂಡಲೇ ತಿಳಿಯಿತು. ಪದ್ಮವ್ವನಿಗೂ ತಿಳಿಯಿತು. ಅವಳು ಪಟ್ಟಿ ಹಿಡಿದು ‘ಇದನ್ಯಾರ ಕೊಯ್ದ್ರಿ ಟೀಚರ?’ ಎಂದಳು.

ನೀನು ತಪ್ಪು ತಿಳಿದೆ. ನಾನು ಜಾಕೆಟ್ ಕೇಳಿದ್ದು ಹರಿದದ್ದನ್ನು ತೋರಿಸುವುದಕ್ಕಲ್ಲ. ಹರಿದಿಲ್ಲ ಎಂದು ತೋರಿಸುವುದಕ್ಕೆ. ಪಟ್ಟಿ ಗಟ್ಟಿ ಇರುವ ಜಾಕೆಟನ್ನು ಭಾವನ ಮುಂದಿಟ್ಟು, ನಾನು ಸುಳ್ಳು ಹೇಳಿದೆ ಎನ್ನಬೇಕಿತ್ತು. ಬರೀ ಬಾಯಲ್ಲಿ ಹೇಳಿದರೆ ದುಃಖದಲ್ಲಿ ಏನೋ ಅನ್ನುತ್ತಾಳೆ ಎನ್ನುತ್ತಿದ್ದರು. ಇದನ್ನು ಆಗಲೇ ಬರೆಯಬೇಕಿತ್ತು. ನೀನು ತಾನಾಗಿ ತಿಳಿಯುತ್ತೀಯ ಎಂದುಕೊಂಡೆ. ನೀನು ಕತ್ತರಿ ಹಿಡಿಯುತ್ತೀಯ ಎಂದು ನನ್ನ ಮನಸ್ಸಿಗೆ ಬರಲೇ ಇಲ್ಲ.

ಅಂದು ನಾನು ಚಾಪೆಯ ಮೇಲೆ, ನಿನ್ನಿಂದ ಎರಡು ಮಾರು ದೂರದಲ್ಲಿ ಮಗಳ ತಲೆಯ ಮರಳು ಒರೆಸುತ್ತಿದ್ದೆ. ನಿನ್ನ ಮಕ್ಕಳು ಉಂಡು ಮಲಗಿದ್ದರು. ನಾಲ್ಕು ಜಾಕೆಟ್ ಛತ್ರಿಯ ಕೆಳಗೆ ಗುಡ್ಡೆಯಾಗಿ ಬಿದ್ದಿದ್ದವು. ನೀನು ಮುಖದ ಮೇಲೆ ಪೇಪರ್ ಹಾಕಿಕೊಂಡು ಅಡ್ಡಾಗಿದ್ದೆ. ಇವರು ಬಂದು ಕೇಳಿದರು. ‘ಶಿವಾನಂದಣ್ಣಾ, ಟ್ಯೂಬ ಒಳಗ ಹೊಂಟೈತಿ. ಒಂದ ಜಾಕೀಟ ತಗೊಳ್ಳೇನ್ರಿ?’

ನೀನು ಪೇಪರ್ ತೆಗೆಯಲಿಲ್ಲ. ‘ಅಳಿಯಾರ, ಹನ್ನೆರಡರತನಾ ನಮ್ಮ ಪಾಳಿ ಐತ್ರಿ’ ಎಂದೆ.

ಚೇಷ್ಟೆಗೆ ಅಂದೆ ಎಂದು ನನಗೆ ಗೊತ್ತು. ನೀನು ನಕ್ಕೆ, ಇವರೂ ನಕ್ಕರು. ಕೈಗಡಿಯಾರ ಬಿಚ್ಚಿ ಐಸ್ ಡಬ್ಬಿಯ ಮೇಲೆ ಇಟ್ಟರು. ‘ಬಾವ್ಯಾಗ ಮೋಟಾರ ಎತ್ತಾಂವಗ ಜಾಕೀಟ ಯಾಕ’ ಎನ್ನುತ್ತ ಹೋದರು. ನಾನು ತಡೆಯಲಿಲ್ಲ.

ನಾನು ಯಾಕೆ ತಡೆಯಲಿಲ್ಲ ಎಂಬುದನ್ನೂ ಬರೆಯಬೇಕು. ಆ ಡಬ್ಬಿಯ ಮುಚ್ಚಳದ ಮೇಲೆ ಅಂಟಿಸಿದ್ದ ಪಾಳಿಯ ಚೀಟಿ ನನ್ನ ಕೈಬರಹದ್ದು. ‘ಬೆಳಿಗ್ಗೆಯಿಂದ ಹನ್ನೆರಡು: ತುಕ್ಕಾನಟ್ಟಿ. ಹನ್ನೆರಡರಿಂದ ಸಂಜೆ: ಹುಕ್ಕೇರಿ.’ ಯಾರೂ ಬರೆ ಎಂದಿರಲಿಲ್ಲ. ನಮ್ಮ ಮನೆಯ ರೀತಿ ಎಂದು ಅಭಿಮಾನದಿಂದ ಬರೆದೆ. ಅಂದು ಬೆಳಿಗ್ಗೆ ವ್ಯಾನಿನಲ್ಲಿ ಇವರ ಕಿವಿಯಲ್ಲಿ ಹೇಳಿದ್ದೆ. ‘ನಮ್ಮಣ್ಣನ ಮುಂದ ಮತ್ತ ಮಾತ ಕೇಳಿಸ್ಬ್ಯಾಡ್ರಿ. ನಮ್ಮ ಪಾಳಿ ಬರೋತನಾ ಏನೂ ಮುಟ್ಟಬ್ಯಾಡ್ರಿ.’

‘ಮತ್ತ’ ಎಂದದ್ದು ಯಾಕೆ ಎಂದು ನಿನಗೆ ಗೊತ್ತು. ಇವರ ವಿಮೆಯ ಕಾಗದ ಹುಡುಕುವಾಗ ಅದೇ ಫೈಲಿನಲ್ಲಿ ಒಂದು ಹಾಳೆ ಸಿಕ್ಕಿತು. ಒಂಬತ್ತು ವರ್ಷದ ಹಿಂದಿನದು. ನಮ್ಮ ಗೋವಿನಜೋಳ ಒಣಗುತ್ತಿತ್ತು. ಅದು ಕಾಕಾನ ಪಾಳಿ. ಕಾಕಾನ ಮನೆಯವರು ಯಾರೂ ಹೊಲದಲ್ಲಿ ಇರಲಿಲ್ಲ, ನೀರು ಹಳ್ಳಕ್ಕೆ ಹೋಗುತ್ತಿತ್ತು. ಊರಿಗೆ ಬಂದಿದ್ದ ಇವರು ಅದನ್ನು ನೋಡಲಾರದೆ ವಾಲ್ವ್ ತಿರುಗಿಸಿ ನಮ್ಮ ಹೊಲಕ್ಕೆ ಬಿಟ್ಟರು. ಅಪ್ಪ ಅವರನ್ನು ಹಿರಿಯರ ಮುಂದೆ ನಿಲ್ಲಿಸಿದ. ‘ಹರದ ಹಳ್ಳಕ್ಕ ಹೋಗ್ಲಿ, ಪಾಳಿ ಅಂದ್ರ ಪಾಳಿ’ ಎಂದ. ತಪ್ಪೊಪ್ಪಿಗೆ ಬರೆದವನು ನೀನು, ನಿನ್ನ ದುಂಡನೆಯ ಅಕ್ಷರದಲ್ಲಿ. ‘ಇನ್ನು ಮುಂದೆ ಇನ್ನೊಬ್ಬರ ಪಾಳಿಯಲ್ಲಿ ಯಾವ ವಸ್ತುವನ್ನೂ ಮುಟ್ಟುವುದಿಲ್ಲ.’ ಕೆಳಗೆ ಇವರ ಸಹಿ. ಅದೇ ಮೋಟಾರನ್ನು ಇವರು ಮೂರು ಸಲ ಪುಕ್ಕಟೆ ಕಟ್ಟಿಕೊಟ್ಟಿದ್ದರು.

ಊರಲ್ಲಿ ಎಲ್ಲರೂ ಅದನ್ನು ಮರೆತರು. ನಾನೂ ಮರೆತಿದ್ದೆ ಎಂದುಕೊಂಡಿದ್ದೆ. ಇವರು ಅದನ್ನು ವಿಮೆಯ ಕಾಗದದ ಜೊತೆ ಪ್ಲಾಸ್ಟಿಕ್ ಹಾಕಿ ಇಟ್ಟಿದ್ದರು. ಹಾಳೆಯನ್ನು ಈ ಕಾಗದದ ಜೊತೆ ಕಳಿಸುತ್ತಿಲ್ಲ. ಅದು ನನ್ನ ಹತ್ತಿರ ಇರಲಿ.

ನಿನ್ನೆ ರವಿವಾರ ಗಟ್ಟಿ ಜಾಕೆಟ್ ಒಂದನ್ನೇ ಭಾವನ ಮುಂದಿಟ್ಟು ಎಲ್ಲ ಹೇಳಿದೆ. ನಿನ್ನ ಮಾತು, ನನ್ನ ಚೀಟಿ, ಎರಡನ್ನೂ ಹೇಳಿದೆ. ಅವರು ಕೂಗಾಡಲಿಲ್ಲ. ಜಾಕೆಟಿನ ಪಟ್ಟಿಯನ್ನು ಎರಡೂ ಕೈಯಿಂದ ಜಗ್ಗಿ ಜಗ್ಗಿ ನೋಡಿದರು. ಕೊನೆಗೆ, ‘ನೀ ಹೇಳಿದ್ದನ್ನ ಎಷ್ಟ ಸಲ ನಂಬಲಿ? ನಿಮ್ಮಣ್ಣನ ಬಾಯಿಲೆ ಕೇಳ್ತೀನಿ, ಠಾಣ್ಯಾಗ’ ಎಂದರು. ಇಂದು ಬೆಳಿಗ್ಗೆ ವಿಮೆಯ ಫಾರ್ಮ್ ಹಿಂದಕ್ಕೆ ತೆಗೆದುಕೊಂಡಿದ್ದಾರೆ. ಬೇರೆ ಬರೆದು ಕೊಡುವುದು ನಮ್ಮಿಬ್ಬರ ಹೇಳಿಕೆ ಆದ ಮೇಲೆ. ಹಣ ಬರುತ್ತದೋ ಇಲ್ಲವೋ ಯಾರೂ ಹೇಳುತ್ತಿಲ್ಲ.

ದಂಡೆಯಲ್ಲಿ ನೀನು ಅಂದ ಆ ಒಂದು ವಾಕ್ಯವನ್ನು ಠಾಣೆಯಲ್ಲಿ ಹೇಳು. ಹೇಳದಿದ್ದರೆ ನನ್ನ ಹೇಳಿಕೆ ಒಂದು ಕಡೆ, ನಿನ್ನದು ಒಂದು ಕಡೆ ಆಗುತ್ತದೆ. ಅಷ್ಟೇ ಅಲ್ಲ, ಇವರು ಕೇಳದೆ ಹೋಗಿ ಸತ್ತರು ಎಂದು ಸರ್ಕಾರದ ಕಾಗದದಲ್ಲಿ ಉಳಿಯುತ್ತದೆ. ಇವರು ಕೇಳಿದ್ದರು, ಅಣ್ಣಾ.

ಪಂಚಮಿಗೆ ಕರೆಯಲು ಬರಬೇಡ. ಹೇಳಿಕೆ ಆದ ಮೇಲೆ ನೋಡೋಣ.

ಮಾಯಾ

•

ತುಕ್ಕಾನಟ್ಟಿ
ಶುಕ್ರವಾರ, 21 ಜುಲೈ 2023

ತಂಗಿ ಮಾಯಾಗೆ,

ಹೇಳಿಕೆಯ ದಿನ ಗೊತ್ತಾಗಿದೆ. ನಿನ್ನದನ್ನು ಬರೆದುಕೊಳ್ಳುತ್ತಾರೆ, ನನ್ನದನ್ನು ಎರಡನೆಯ ಸಲ ಬರೆದುಕೊಳ್ಳುತ್ತಾರೆ. ಎಎಸ್‌ಐ ನಿನ್ನೆ ಮಧ್ಯಾಹ್ನ ತಿಳಿಸಿದರು. ಮೊದಲಿನ ಹೇಳಿಕೆಯಲ್ಲಿ ತಪ್ಪಿದೆ, ಬದಲಿಸಬೇಕು ಎಂದು ಬುಧವಾರ ನಾನೇ ಅವರಿಗೆ ಫೋನ್ ಮಾಡಿದ್ದೆ. ಏನು ತಪ್ಪು ಎಂದು ಕೇಳಿದರು. ಬಂದು ಹೇಳುತ್ತೇನೆ ಎಂದೆ. ಸುಳ್ಳು ಹೇಳಿಕೆಗೆ ಪ್ರಕರಣ ಆಗಬಹುದು, ಗೊತ್ತಿದೆಯೇ ಎಂದರು. ಗೊತ್ತಿದೆ ಎಂದೆ.

ನೀನು ಬರೆದದ್ದರಲ್ಲಿ ಒಂದನ್ನು ತಿದ್ದಬೇಕು. ಪೇಪರ್ ಮುಖದ ಮೇಲೆ ಇದ್ದರೂ ಕೆಳಗಿನ ಸಂದಿಯಲ್ಲಿ ನನಗೆ ಅವರ ಕಾಲು ಕಾಣುತ್ತಿದ್ದವು. ನಾನು ಅಂದ ಮೇಲೆ ಅವರು ಕೂಡಲೇ ನಗಲಿಲ್ಲ. ಒಂದು ಗಳಿಗೆ ಹಾಗೆಯೇ ನಿಂತಿದ್ದರು. ಜಾಕೆಟಿನ ಗುಡ್ಡೆ ಅವರ ಹೆಬ್ಬೆರಳಿನಿಂದ ಒಂದು ಗೇಣು ದೂರ ಇತ್ತು. ಆಮೇಲೆ ನಕ್ಕರು. ನಿಂತದ್ದನ್ನು ನೀನು ನೋಡಿಲ್ಲ. ನಾನು ನೋಡಿದ್ದೇನೆ.

ಐಸ್ ಡಬ್ಬಿ ತೊಳೆದಿಟ್ಟೆ ಎಂದು ಮೊದಲ ಕಾಗದದಲ್ಲಿ ಬರೆದಿದ್ದೆ. ತೊಳೆದದ್ದು ಮನೆಯಲ್ಲಿ ಅಲ್ಲ. ಅಂದು ಮೀನುಗಾರರು ಹುಡುಕುತ್ತಿರುವಾಗ, ಪೊಲೀಸರು ಬರುವ ಮೊದಲು, ಮುಚ್ಚಳದ ಮೇಲಿನ ಚೀಟಿಯನ್ನು ಸಮುದ್ರದ ನೀರಿನಿಂದ ನೆನೆಸಿ ಉಗುರಿನಿಂದ ಕೆರೆದು ತೆಗೆದೆ. ಆಗ ಅವರು ಇನ್ನೂ ಸಿಕ್ಕಿರಲಿಲ್ಲ. ಬದುಕಿರಬಹುದು ಎಂದು ನೀನು ದಂಡೆಯ ಉದ್ದಕ್ಕೂ ಓಡುತ್ತಿದ್ದೆ. ಆ ಹೊತ್ತಿನಲ್ಲಿ ನಾನು ಮಾಡಿದ ಕೆಲಸ ಅದು. ಅದನ್ನೂ ಠಾಣೆಯಲ್ಲಿ ಹೇಳುತ್ತೇನೆ.

ಪಟ್ಟಿ ಕತ್ತರಿಸಿದ್ದು ಪೇಪರ್ ಬಂಡಲಿನ ದಾರ ಕತ್ತರಿಸುವ ಕತ್ತರಿಯಿಂದ. ಕತ್ತರಿಸಿದ ಜಾಕೆಟನ್ನೂ ತೆಗೆದುಕೊಂಡು ಬಾ. ನನ್ನ ಹತ್ತಿರ ಉಳಿದ ಎರಡನ್ನು ನಾನು ತರುತ್ತೇನೆ.

ನಿನ್ನ ಕಾಗದ ಬಂದ ಮರುದಿನ ಅಪ್ಪನಿಗೆ ಉತ್ತರ ಕೊಟ್ಟೆ. ಅಪ್ಪ ಊಟಕ್ಕೆ ಕುಳಿತಿದ್ದ, ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆಗ ನಮ್ಮ ಪಾಳಿ ಇತ್ತು ಎಂದೆ. ಅಪ್ಪ ತಾಟಿನಲ್ಲಿದ್ದ ರೊಟ್ಟಿಯನ್ನು ಪೂರ್ತಿ ಉಂಡ. ಕೈ ತೊಳೆದ. ಆಮೇಲೆ, ‘ಜಾಕೀಟ ಖಾಲಿ ಬಿದ್ದಿದ್ವೇನ?’ ಎಂದು ಕೇಳಿದ. ಖಾಲಿ ಬಿದ್ದಿದ್ದವು ಎಂದೆ. ಅವ್ವ ಬಡಿಯುವುದನ್ನು ನಿಲ್ಲಿಸಿದಳು. ಅಪ್ಪ ಇದುವರೆಗೆ ನನ್ನ ಹತ್ತಿರ ಮಾತಾಡಿಲ್ಲ.

ವಿದ್ಯಾಳಿಗೂ ಹೇಳಿದ್ದೇನೆ. ಮಕ್ಕಳಿಗೆ ಹೇಳಿಲ್ಲ.

ಆ ತಪ್ಪೊಪ್ಪಿಗೆಯ ಹಾಳೆಯನ್ನು ನೀನು ಇಟ್ಟುಕೊಂಡದ್ದು ಸರಿ. ಅದರಲ್ಲಿ ‘ಯಾವ ವಸ್ತುವನ್ನೂ’ ಎಂಬ ಮಾತು ನನ್ನದು. ಅಪ್ಪ ಹೇಳಿದ್ದು ‘ವಾಲ್ವ್’ ಎಂದಷ್ಟೇ. ಬರಹ ಗಟ್ಟಿಯಾಗಿರಲಿ ಎಂದು ನಾನು ಹಾಗೆ ಬರೆದೆ.

ನಾಲ್ಕು ದಿನದಿಂದ ಮಳೆ ಹಿಡಿದಿದೆ. ಬಾವಿಗೆ ನೀರು ಬರುತ್ತಿದೆ. ಈಗ ಯಾರಿಗೂ ಪಾಳಿ ಬೇಕಾಗಿಲ್ಲ.

ಹೇಳಿಕೆ ಬುಧವಾರ, ಜುಲೈ 26, ಮಧ್ಯಾಹ್ನ ಮೂರು ಗಂಟೆಗೆ. ಸತ್ತೆಪ್ಪನವರೂ ಬಂದು ಎದುರಿಗೆ ಕುಳಿತು ಕೇಳಬಹುದು ಎಂದು ಎಎಸ್‌ಐ ಒಪ್ಪಿದ್ದಾರೆ. ನೀವಿಬ್ಬರೂ ಹುಕ್ಕೇರಿಯಿಂದ ಬನ್ನಿ. ನಾನು ಗೋಕಾಕದಿಂದ ಬೆಳಿಗ್ಗೆ ಐದು ಗಂಟೆಯ ಬಸ್ಸಿಗೆ ಹೊರಡುತ್ತೇನೆ. ಆಧಾರ್ ಕಾರ್ಡಿನ ನಕಲು ಎರಡು ಬೇಕು.

ಶಿವಾನಂದ